ಮನೆಯಂಗಳದಲ್ಲಿ ಹೊಗೆಯಲ್ಲಿ ಬೇಯಿಸುವ ಖಂಡ: ಕಲಬುರಗಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಅಂಗಳದಲ್ಲಿ ತಿಂಗಳಿಗೊಮ್ಮೆ ಖಂಡ, ಅಂದರೆ ಮಾಂಸ, ಬೇಯಿಸುವ ಡ್ರಮ್ಮಿನಿಂದ ಹೊಗೆ ಏಳುತ್ತದೆ. ಅವತ್ತು ಕಂಪೌಂಡಿನ ಆಚೆಯಿಂದಲೂ ಬೀದರ್, ಯಾದಗಿರಿಯ ಬೀಗರ ಫೋನಿನಿಂದಲೂ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಸ್ಮೋಕರ್, ಅಂದರೆ ಹೊಗೆಯಲ್ಲಿ ಬೇಯಿಸುವ ಒಲೆ, ಕೊಳ್ಳುವ ಆತುರಕ್ಕಿಂತ ಮೊದಲು ಬೆಂಕಿ ಹಿಡಿತಕ್ಕೆ ಬರಬೇಕು, ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ತಂದೂರಿ, ಕಬಾಬ್ ಇದ್ದಂಗೇ ಅಲ್ಲೇನ್ರಿ ಇದು? ಬ್ಯಾರೆ ಏನದ ಇದರಾಗ?

ತಂದೂರಿನ ಶಾಖ 400 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಕೋಳಿ ಕಾಲು ಗಂಟೆಯಲ್ಲಿ ಬೆಂದು ಹೊರಬರುತ್ತದೆ. ಸ್ಮೋಕರ್‌ನಲ್ಲಿ ಶಾಖ 107ರಿಂದ 135 ಡಿಗ್ರಿ ಮಾತ್ರ. ಖಂಡದ ನೇರ ಕೆಳಗೆ ಉರಿ ಇರುವುದಿಲ್ಲ, ಇದ್ದರೂ ದೂರದಲ್ಲಿರುತ್ತದೆ. ಬಿಸಿ ಗಾಳಿ ಮತ್ತು ಹೊಗೆ ಗಂಟೆಗಟ್ಟಲೆ ಸುತ್ತಾಡಿ ಬೇಯಿಸುತ್ತವೆ. ಮೇಕೆಯ ಭುಜದಂಥ ಗಟ್ಟಿ ಭಾಗದಲ್ಲಿ ಕೊಲಾಜೆನ್ ಅನ್ನುವ ಬಿಗಿ ಎಳೆಗಳಿರುತ್ತವೆ. ಒಳಗಿನ ಶಾಖ 70 ಡಿಗ್ರಿ ದಾಟಿದ ಮೇಲೆ ಅವು ನಿಧಾನಕ್ಕೆ ಕರಗಿ ಮೆತ್ತನೆಯ ಲೋಳೆಯಂಥ ಜೆಲಟಿನ್ ಆಗುತ್ತವೆ. ಇದಕ್ಕೆ ಹೊತ್ತು ಬೇಕು. ಉರಿ ಜೋರು ಮಾಡಿದರೆ ಹೊರಗೆ ಕರಕಲು, ಒಳಗೆ ರಬ್ಬರು.

ನಮ್ಮ ಕಡೆ ಧುಂಗಾರ್ ಮಾಡುವ ಮನೆಗಳಿವೆ. ಪಾತ್ರೆಯ ನಡುವೆ ಬಟ್ಟಲಿಟ್ಟು, ಅದರಲ್ಲಿ ಕೆಂಡ ಹಾಕಿ, ತುಪ್ಪ ಬಿಟ್ಟು ಮುಚ್ಚಳ ಮುಚ್ಚುತ್ತಾರಲ್ಲ, ಅದು. ಘಮ ಚೆನ್ನಾಗಿ ಬರುತ್ತದೆ, ಆದರೆ ಅಡುಗೆ ಅಷ್ಟರಲ್ಲಿ ಬೆಂದಿರುತ್ತದೆ. ಇಲ್ಲಿ ಬೇಯುವುದೂ ಘಮ ಹಿಡಿಯುವುದೂ ಒಟ್ಟಿಗೇ ಆಗುತ್ತವೆ. ಚಳಿಗಾಲದಲ್ಲಿ ಹೊಲದ ಬದುವಿನಲ್ಲಿ ಬಿಸಿ ಬೂದಿಯಲ್ಲಿ ಜೋಳದ ಎಳೆ ತೆನೆ ಸುಟ್ಟು ಸೀತನಿ ತಿಂದವರಿಗೆ ಉರಿಗೂ ಕಾವಿಗೂ ಇರುವ ಫರಕು ಹೇಳಿಕೊಡಬೇಕಿಲ್ಲ.

ಹೊಗಿ ಹಾಕಿದ ಖಂಡ ಕೆಡಂಗಿಲ್ಲ ಅಂತಾರ, ಖರೇ ಏನು?

ಇಲ್ಲ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಈ ಉತ್ತರ ಓದಿ.

ಹಿಂದಿನ ಕಾಲದಲ್ಲಿ ತಣ್ಣನೆಯ ದೇಶಗಳವರು ಮಾಂಸಕ್ಕೆ ವಿಪರೀತ ಉಪ್ಪು ತುಂಬಿ, ವಾರಗಟ್ಟಲೆ 30 ಡಿಗ್ರಿಗಿಂತ ಕಡಿಮೆ ಶಾಖದ ಹೊಗೆಯಲ್ಲಿ ನೇತುಹಾಕುತ್ತಿದ್ದರು. ಅದು ತಣ್ಣನೆ ಹೊಗೆಯ ವಿಧಾನ. ಅಲ್ಲಿ ಕಾಪಾಡುತ್ತಿದ್ದದ್ದು ಉಪ್ಪು, ಒಣಗುವಿಕೆ ಮತ್ತು ಚಳಿ. ಹೊಗೆಯದು ಸಣ್ಣ ಪಾಲು. ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನಲ್ಲೇ 42, 43 ಡಿಗ್ರಿ ಇರುತ್ತದೆ. ಇಲ್ಲಿ ತಣ್ಣನೆ ಹೊಗೆ ಹಾಕುವುದೆಂದರೆ ಬ್ಯಾಕ್ಟೀರಿಯಾಕ್ಕೆ ಬೆಚ್ಚನೆಯ ಹಾಸಿಗೆ ಹಾಸಿದಂತೆ. ದಯವಿಟ್ಟು ಮಾಡಬೇಡಿ.

5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಹಸಿ ಮಾಂಸವಾಗಲಿ, ಬೆಂದ ಮಾಂಸವಾಗಲಿ ಆ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಮ್ಮಲ್ಲಿ ವರ್ಷದ ಬಹುಪಾಲು ಮಧ್ಯಾಹ್ನಗಳು ಈ ಒಂದು ಗಂಟೆಯ ಲೆಕ್ಕಕ್ಕೇ ಬರುತ್ತವೆ. ಮಸಾಲೆ ಹಚ್ಚಿದ ಖಂಡವನ್ನು ಕಟ್ಟೆಯ ಮೇಲೆ ಇಟ್ಟು ಬೆಂಕಿ ಹೊತ್ತಿಸಲು ಕೂರಬೇಡಿ. ಸ್ಮೋಕರ್ 110 ಡಿಗ್ರಿ ಮುಟ್ಟಿ ನಿಂತ ಮೇಲೆಯೇ ಫ್ರಿಜ್ಜಿನಿಂದ ತೆಗೆಯಿರಿ.

ಬಕ್ರೀದ್ ಆದ ಮೇಲೆ ಉಪ್ಪು, ಅರಿಶಿನ ಹಚ್ಚಿದ ತೆಳು ಪಟ್ಟಿಗಳನ್ನು ಹಗ್ಗಕ್ಕೆ ಹಾಕಿ ಬಿಸಿಲಿಗೆ ಒಣಗಿಸುತ್ತಾರಲ್ಲ, ಅದೂ ಹಾಗೆಯೇ ಅಲ್ಲವೇ ಎಂದು ಕೇಳುತ್ತಾರೆ. ಅದು ಬೇರೆ ವಿದ್ಯೆ. ಬೆರಳಿಗಿಂತ ತೆಳುವಾದ ಪಟ್ಟಿ, ಸಾಕಷ್ಟು ಉಪ್ಪು, ಸುಡುವ ಬಿಸಿಲು, ಒಣ ಗಾಳಿ, ಇವು ನೀರನ್ನೇ ತೆಗೆದುಬಿಡುತ್ತವೆ. ಎರಡು ಕೆಜಿಯ ಇಡೀ ತುಂಡಿಗೆ ಆ ನಿಯಮ ನಡೆಯುವುದಿಲ್ಲ.

ಮೊದಲ ಸಲ ತಗೊಳ್ಳೋರು ಯಾವ ಸ್ಮೋಕರ್ ತಗೋಬೇಕ್ರಿ?

ಮನೆಯಲ್ಲಿ ಎಷ್ಟು ಜನ ಉಣ್ಣುತ್ತೀರಿ, ಎಷ್ಟು ಹೊತ್ತು ಅದರ ಪಕ್ಕ ಕೂರಬಲ್ಲಿರಿ ಅನ್ನುವುದನ್ನು ಮೊದಲು ಯೋಚಿಸಿ.

ನಾಲ್ಕೈದು ಜನರ ಮನೆಗೆ ನಾನು ಹೇಳುವುದು ಕೆಟಲ್. 57 ಸೆಂಟಿಮೀಟರ್ ಅಗಲದ, ಮುಚ್ಚಳವಿರುವ ಗುಂಡನೆಯ ಗ್ರಿಲ್. 1952ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಜಾರ್ಜ್ ಸ್ಟೀಫನ್ ಅನ್ನುವವರು, ನೀರಿನಲ್ಲಿ ತೇಲಿಬಿಡುವ ಲೋಹದ ಬೋಯಾವನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ವಿನ್ಯಾಸ ಅದು. ಗಾಳಿಗೆ ಬೆಂಕಿ ಹಾರದಂತೆ ಮುಚ್ಚಳ ಬೇಕಿತ್ತು ಅವರಿಗೆ. ಇಂದಿಗೂ ಅದರ ರೂಪ ಹೆಚ್ಚು ಬದಲಾಗಿಲ್ಲ. ಇದ್ದಿಲನ್ನು ಒಂದು ಬದಿಗೆ ಜೋಡಿಸಿ, ಖಂಡವನ್ನು ಇನ್ನೊಂದು ಬದಿಗಿಟ್ಟು, ಕೆಳಗೆ ನೀರಿನ ತಟ್ಟೆ ಇಟ್ಟರೆ ಅದೇ ಸ್ಮೋಕರ್. ಮರುದಿನ ಅದರಲ್ಲೇ ಕಬಾಬ್ ಸುಡಬಹುದು, ಬದನೆಕಾಯಿ ಸುಡಬಹುದು. ಅಂಗಡಿಗೆ ಹೋಗುವುದಾದರೆ ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಬುಲೆಟ್ ಅಥವಾ ನೀರಿನ ಸ್ಮೋಕರ್ ಎದ್ದು ನಿಂತ ಮದ್ದುಗುಂಡಿನ ಹಾಗಿರುತ್ತದೆ. ಕೆಳಗೆ ಇದ್ದಿಲು, ನಡುವೆ ನೀರು, ಮೇಲೆ ಖಂಡ. ಒಮ್ಮೆ ಹದ ಸಿಕ್ಕರೆ ಐದಾರು ಗಂಟೆ ಅಲುಗಾಡದೆ ಒಂದೇ ಶಾಖದಲ್ಲಿ ನಿಲ್ಲುತ್ತದೆ. ಹೊಗೆ ಅಡುಗೆಯೇ ಮುಖ್ಯ ಅನ್ನುವವರಿಗೆ ಇದು ಕೆಟಲ್‌ಗಿಂತ ಸಲೀಸು.

ಆಫ್‌ಸೆಟ್ ಅಂದರೆ ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇರುವ ಉದ್ದನೆಯ ಸಿಲಿಂಡರ್. ನೋಡಲು ಗಾಂಭೀರ್ಯ ಇದೆ, ಕಟ್ಟಿಗೆಯಲ್ಲೇ ಬೇಯಿಸಿದ ರುಚಿಗೆ ಸಾಟಿ ಇಲ್ಲ. ಆದರೆ ಅರ್ಧ ಗಂಟೆಗೊಮ್ಮೆ, ಮುಕ್ಕಾಲು ಗಂಟೆಗೊಮ್ಮೆ ಕಟ್ಟಿಗೆ ಹಾಕುತ್ತಲೇ ಇರಬೇಕು. ಅಗ್ಗದ ತೆಳು ತಗಡಿನದು ತಗೊಂಡರೆ ಜೂನ್, ಜುಲೈ ಗಾಳಿಗೆ ಶಾಖ ನಿಲ್ಲುವುದೇ ಇಲ್ಲ. ಮಾಡಿಸುವುದಾದರೆ 5, 6 ಮಿಲಿಮೀಟರ್ ದಪ್ಪದ ತಗಡು ಹಾಕಿಸಿ, ಇಲ್ಲವಾದರೆ ಈ ಆಸೆ ಬಿಡಿ.

ಕಮಾಡೋ ದಪ್ಪ ಸೆರಾಮಿಕ್‌ನ ಗಡಿಗೆಯಂಥದು. ಇದ್ದಿಲು ಕಡಿಮೆ ಸುಡುತ್ತದೆ, ಶಾಖ ಚೆನ್ನಾಗಿ ಹಿಡಿಯುತ್ತದೆ, ಬೆಲೆಯೂ ಭಾರ, ತೂಕವೂ ಭಾರ. ಪೆಲೆಟ್ ಯಂತ್ರಕ್ಕೆ ಮರದ ಪುಡಿಯ ಗುಳಿಗೆಗಳು ಬೇಕು, ಕರೆಂಟೂ ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಓಣಿಯಲ್ಲಿ ಅರ್ಧ ಬೆಂದ ಖಂಡದೊಂದಿಗೆ ಕೂರುವುದು ಸಂಕಟ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ.

ವೆಲ್ಡಿಂಗ್ ಶಾಪಿನಾಗ ಡ್ರಮ್ ಕೊಟ್ಟು ಮಾಡಿಸಿಕೊಂಡ್ರ ನಡೀತದೇನ್ರಿ?

ನಡೆಯುತ್ತದೆ, ನನ್ನದೂ ಅದೇ. 200 ಲೀಟರಿನ ಉಕ್ಕಿನ ಡ್ರಮ್. ತಳದ ಬಳಿ ಗಾಳಿಗೆ ಮೂರು ನಾಲ್ಕು ತೂತು, ಅವುಗಳಿಗೆ ತೆರೆದು ಮುಚ್ಚುವ ವ್ಯವಸ್ಥೆ, ಕೆಳಗೆ ಇದ್ದಿಲಿನ ಜಾಳಿಗೆ ಬುಟ್ಟಿ, ಅದರಿಂದ ಸುಮಾರು 60 ಸೆಂಟಿಮೀಟರ್ ಮೇಲೆ ಖಂಡ ಇಡುವ ಜಾಳಿಗೆ, ಮುಚ್ಚಳದಲ್ಲಿ ಹೊಗೆ ಹೋಗಲು ದಾರಿ. ಶಾಖ ಹೆಚ್ಚಾದರೆ ಕೆಳಗಿನ ತೂತು ಕಿರಿದು ಮಾಡಿ. ಮೇಲಿನ ದಾರಿ ಮುಚ್ಚಬೇಡಿ, ಹೊಗೆ ಒಳಗೇ ಕೊಳೆತು ಖಂಡ ಕಹಿಯಾಗುತ್ತದೆ.

ಡ್ರಮ್ ಎಲ್ಲಿಂದ ಬಂತು ಅನ್ನುವುದು ಬಹಳ ಮುಖ್ಯ. ನಮ್ಮದು ಹತ್ತಿ, ತೊಗರಿ ಬೆಳೆಯುವ ಸೀಮೆ. ಗುಜರಿಯಲ್ಲಿ ಬೆಳೆಗೆ ಹೊಡೆಯುವ ಔಷಧಿ ತುಂಬಿದ್ದ ಡ್ರಮ್ಮೂ ಸಿಗುತ್ತದೆ, ರಾಸಾಯನಿಕದ್ದೂ ಸಿಗುತ್ತದೆ. ಎಷ್ಟು ತೊಳೆದರೂ ಅವು ಅಡುಗೆಗೆ ಬೇಡ. ತಿನ್ನುವ ಎಣ್ಣೆ ಅಥವಾ ಹಣ್ಣಿನ ರಸ ತುಂಬಿದ್ದ, ಚೀಟಿ ಇನ್ನೂ ಓದಲು ಬರುವ ಡ್ರಮ್ ಮಾತ್ರ ತನ್ನಿ. ಒಳಗಿನ ಬಣ್ಣ, ಲೇಪ ಪೂರ್ತಿ ಉದುರುವವರೆಗೆ ಜೋರು ಕಟ್ಟಿಗೆ ಬೆಂಕಿ ಹಾಕಿ ಸುಡಿ, ತಿಕ್ಕಿ, ಎಣ್ಣೆ ಸವರಿ, ಖಾಲಿಯಾಗಿಯೇ ಎರಡು ಮೂರು ಗಂಟೆ ಹೊಗೆ ಕುಡಿಸಿ. ಜಾಳಿಗೆಗಾಗಲಿ ಬುಟ್ಟಿಗಾಗಲಿ ಜಿಐ ತಂತಿ, ಜಿಐ ತಗಡು ಬಳಸಲು ವೆಲ್ಡರ್‌ಗೆ ಬಿಡಬೇಡಿ. ಅದರ ಸತುವಿನ ಲೇಪ ಬೆಂಕಿಗೆ ಸುಟ್ಟು ಬರುವ ಹೊಗೆ ಕುಡಿದರೆ ಜ್ವರ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ.

ಅಂಗಳದಾಗ ಶಹಾಬಾದಿ ಫರ್ಸಿ ಅದ, ಅದರ ಮ್ಯಾಲೇ ಇಟ್ರ ಆಗ್ತದೇನು?

ನೇರವಾಗಿ ಬೇಡ. ಶಹಾಬಾದ್ ಕಲ್ಲು ಪದರ ಪದರವಾದ ಸುಣ್ಣದ ಕಲ್ಲು. ಪದರಗಳ ನಡುವೆ ತೇವ ಇರುತ್ತದೆ. ಏಕಾಏಕಿ ಕಾದರೆ ಆ ನೀರು ಹಬೆಯಾಗಿ ಕಲ್ಲನ್ನು ಸಿಡಿಸುತ್ತದೆ. ಮೊದಲ ವರ್ಷ ನಾನು ಕೆಂಡದ ಬುಟ್ಟಿಯನ್ನು ಫರ್ಸಿಯ ಮೇಲೆ ಇಳಿಸಿದ್ದೆ. ಪಟಾಕಿಯಂಥ ಸದ್ದು ಬಂತು, ಅಂಗೈ ಅಗಲದ ಚಕ್ಕೆ ಎದ್ದು ಮಗಳ ಕಾಲಿನ ಪಕ್ಕ ಬಿತ್ತು. ಅವತ್ತಿನಿಂದ ಕೆಳಗೆ ಎರಡು ಸಾಲು ಬೆಂಕಿ ಇಟ್ಟಿಗೆ ಹಾಸಿ, ಅದರ ಮೇಲೆ ಡ್ರಮ್ ನಿಲ್ಲಿಸುತ್ತೇನೆ. ಒಲೆಯ ಸುತ್ತ ಕಟ್ಟಲೂ ಈ ಕಲ್ಲು ಬೇಡ.

ಯಾವ ಕಟ್ಟಿಗಿ ಛಲೋ? ನಮ್ಮ ಕಡಿ ಸಿಗೋದು ಹೇಳ್ರಿ.

ವಿದೇಶದ ಪುಸ್ತಕಗಳಲ್ಲಿ ಹಿಕರಿ, ಓಕ್, ಸೇಬು ಅಂತೆಲ್ಲ ಇರುತ್ತದೆ. ಹುಡುಕಿಕೊಂಡು ಹೋಗಬೇಡಿ, ನಮ್ಮ ಹೊಲದ ಬದುವಿನಲ್ಲಿ ಬೇಕಾದಷ್ಟಿದೆ.

ಟೆಕ್ಸಾಸ್‌ನವರು ಮೆಚ್ಚುವ ಮೆಸ್ಕೀಟ್ ಅನ್ನುವ ಮರದ ಹತ್ತಿರದ ಸಂಬಂಧಿ ನಮ್ಮ ರಸ್ತೆ ಬದಿಯಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ. ರೈತರಿಗೆ ತಲೆನೋವಾದ ಆ ಮುಳ್ಳುಗಿಡದ ಕಟ್ಟಿಗೆ ಗಟ್ಟಿ, ಕಾವು ಜೋರು, ಇದ್ದಿಲೂ ಒಳ್ಳೆಯದಾಗುತ್ತದೆ. ಹೊಗೆಯ ರುಚಿ ಮಾತ್ರ ಖಾರವಾಗಿರುತ್ತದೆ. ಮೇಕೆ, ಕುರಿಗೆ ಸರಿ, ಕೋಳಿಗೆ ಒಂದೇ ತುಂಡು ಸಾಕು. ಕರಿಜಾಲಿಯೂ ಹಾಗೆಯೇ, ಸ್ವಲ್ಪ ಮೃದು. ಕೋಳಿ, ಮೀನಿಗೆ ನನ್ನ ಮೊದಲ ಆಯ್ಕೆ ಪೇರಲ ಮತ್ತು ಮಾವು, ಹೊಗೆ ತೆಳುವಾಗಿ ಸಿಹಿಯಾಗಿ ಬರುತ್ತದೆ. ಹುಣಸೆ ಬಹಳ ಹೊತ್ತು ಉರಿಯುವ ಗಟ್ಟಿ ಕಟ್ಟಿಗೆ, ದೊಡ್ಡ ತುಂಡು ಖಂಡಕ್ಕೆ ಅದೇ ಆಧಾರ.

ತೊಗರಿ ಕಟ್ಟಿಗೆ? 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕ ನಾಡು ನಮ್ಮದು, ರಾಶಿ ಆದ ಮೇಲೆ ಕಟ್ಟಿಗೆ ಬಣವೆಗಟ್ಟಲೆ ಉಳಿಯುತ್ತದೆ. ಬೆಂಕಿ ಹೊತ್ತಿಸಲು ಅದರಂಥದು ಇಲ್ಲ, ಆದರೆ ಭಗ್ಗನೆ ಉರಿದು ಮುಗಿಯುತ್ತದೆ. ಹೊಗೆಗೆ ಆಗುವುದಿಲ್ಲ.

ಬೇವು ಬೇಡ, ಖಂಡವೆಲ್ಲ ಕಹಿ. ನೀಲಗಿರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಿಂದರೆ ಔಷಧಿ ನೆಕ್ಕಿದ ಹಾಗೆ. ಕಣಗಿಲೆ ವಿಷದ ಗಿಡ, ಅದರ ಕಡ್ಡಿಯನ್ನು ಕಬಾಬ್ ಚುಚ್ಚಲೂ ಮುಟ್ಟಬೇಡಿ. ಪ್ಲೈವುಡ್, ಬಣ್ಣ ಬಳಿದ ಹಳೆಯ ಚೌಕಟ್ಟು, ಟಾರಿನಂಥ ಎಣ್ಣೆ ಕುಡಿಸಿದ ರೈಲ್ವೆ ಸ್ಲೀಪರ್, ಎಲ್ಲೇ ಪುಕ್ಕಟೆ ಸಿಕ್ಕರೂ ತರಬೇಡಿ.

ಕಟ್ಟಿಗೆ ನೀರಾಗ ನೆನಸಬೇಕಂತ?

ಬೇಡ. ನೀರು ಒಳಗೆ ಇಳಿಯುವುದೇ ಇಲ್ಲ, ಮೇಲಿನದು ಹಬೆಯಾಗಿ ಹೋಗಿ ಬೆಂಕಿ ತಣ್ಣಗಾಗುತ್ತದೆ ಅಷ್ಟೇ. ಆರು ತಿಂಗಳು ನೆರಳಿನಲ್ಲಿ ಒಣಗಿದ, ಒಂದಕ್ಕೊಂದು ಬಡಿದರೆ ಟಣ್ ಅನ್ನುವ ಕಟ್ಟಿಗೆ ಸಾಕು.

ಹೊಗಿ ಎಷ್ಟು ದಟ್ಟ ಇದ್ರ ಅಷ್ಟು ರುಚಿ ಅಲ್ಲೇನ್ರಿ?

ಅಲ್ಲ. ದಟ್ಟ ಬಿಳಿ ಹೊಗೆ ಅಂದರೆ ಕಟ್ಟಿಗೆ ಸರಿಯಾಗಿ ಉರಿಯುತ್ತಿಲ್ಲ. ಅದರಲ್ಲಿರುವ ಜಿಡ್ಡು ಖಂಡದ ಮೇಲೆ ಕೂತು ನಾಲಿಗೆ ಮರಗಟ್ಟಿದಂತಾಗುತ್ತದೆ. ಕಣ್ಣಿಗೆ ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬರಬೇಕು. ಅದು ಬರುವವರೆಗೆ ಖಂಡ ಒಳಗಿಡಬೇಡಿ. ಇದ್ದಿಲು ಪೂರ್ತಿ ಕೆಂಡವಾಗಲಿ, ಮುಷ್ಟಿಯಷ್ಟು ದಪ್ಪದ ಎರಡು ಮೂರು ತುಂಡು ಕಟ್ಟಿಗೆ ಇಡಿ, ಗಾಳಿ ಬಿಡಿ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಹೊತ್ತಿಸಿದರೆ ಆ ವಾಸನೆ ಖಂಡಕ್ಕೆ ಹತ್ತಿಕೊಂಡು ಬಿಡುತ್ತದೆ.

ಥರ್ಮಾಮೀಟರ್ ಬೇಕೇ ಬೇಕೇನ್ರಿ? ನಮ್ಮವ್ವ ಮುಟ್ಟಿ ನೋಡೇ ಹೇಳ್ತಿದ್ಲು.

ಅವ್ವನ ಕೈ ಸಾರಿಗೆ, ಪಲ್ಯಕ್ಕೆ ತಪ್ಪುವುದಿಲ್ಲ, ನಿಜ. ಆದರೆ ಕಡಿಮೆ ಶಾಖದಲ್ಲಿ ಬೇಯುವ ಇಡೀ ಕೋಳಿಯ ತೊಡೆ ಸಂದಿಯಲ್ಲಿ 74 ಡಿಗ್ರಿ ಆಗಿದೆಯೋ ಇಲ್ಲವೋ ಅಂತ ಹೊರಗಿನಿಂದ ಯಾರ ಕೈಗೂ ತಿಳಿಯದು. ಸ್ಮೋಕರ್‌ಗೆ ಇಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ಚುಚ್ಚಿ ನೋಡುವ ಥರ್ಮಾಮೀಟರ್ ತಗೊಳ್ಳಿ. ಮುಚ್ಚಳದ ಮೇಲಿನ ಗಡಿಯಾರದಂಥ ಮಾಪಕವನ್ನು ನಂಬಬೇಡಿ, ಖಂಡ ಇರುವ ಜಾಗಕ್ಕೂ ಅದಕ್ಕೂ 20, 30 ಡಿಗ್ರಿ ಫರಕು ಬರಬಹುದು.

ಸರಿಯಿದೆಯೇ ಎಂದು ಕುದಿಯುವ ನೀರಲ್ಲಿ ಅದ್ದಿ ನೋಡಿ. ಆದರೆ ನಮ್ಮಲ್ಲಿ 100 ತೋರಿಸದು. ಎತ್ತರ 300 ಮೀಟರ್ ಏರಿದಂತೆಲ್ಲ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಕಲಬುರಗಿಯಲ್ಲಿ 98.5ರ ಆಸುಪಾಸು, ಇನ್ನೂ ಎತ್ತರದ ಬೀದರ್‌ನಲ್ಲಿ 98ರ ಹತ್ತಿರ ತೋರಿಸಿದರೆ ಥರ್ಮಾಮೀಟರ್ ಸರಿಯಾಗಿದೆ ಅಂತಲೇ ಅರ್ಥ. ಬರ್ಫದ ನೀರಲ್ಲಿ ಸೊನ್ನೆ ತೋರಿಸಬೇಕು.

ಮೊದಲ ಸಲ ಏನು ಮಾಡಬೇಕು?

ಕೋಳಿ. ಅದೂ ಬ್ರಾಯ್ಲರ್. ಜವಾರಿ ಕೋಳಿ ರುಚಿಯಲ್ಲಿ ಮುಂದು, ಆದರೆ ಒಣ ಶಾಖದಲ್ಲಿ ಗಟ್ಟಿಯಾಗುತ್ತದೆ, ಅದು ಸಾರಿಗೇ ಇರಲಿ. ಅಂಗಡಿಯವರು ಕೇಳದೆಯೇ ಚರ್ಮ ಸುಲಿದುಬಿಡುತ್ತಾರೆ. ಚರ್ಮ ಸಮೇತ, ಪುಚ್ಚ ಕಿತ್ತು ಕೊಡಿ ಅಂತ ಮುಂಚೆಯೇ ಹೇಳಿ. ಚರ್ಮ ಇಲ್ಲದಿದ್ದರೆ ಎದೆಯ ಭಾಗ ಒಣಗಿ ನಾರಾಗುತ್ತದೆ.

ಕೆಜಿಗೆ 15ರಿಂದ 18 ಗ್ರಾಂ ಉಪ್ಪು ತೂಗಿ ಹಿಂದಿನ ರಾತ್ರಿಯೇ ಹಚ್ಚಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕೆಂಪು ಖಾರ, ಧನಿಯಾ, ಮೆಣಸು, ಬೆಳ್ಳುಳ್ಳಿ ಹಚ್ಚಿ. ಒಂದೂವರೆ ಕೆಜಿಯ ಕೋಳಿ 135 ಡಿಗ್ರಿಯಲ್ಲಿ ಎರಡೂವರೆ, ಮೂರು ಗಂಟೆ ತಗೊಳ್ಳುತ್ತದೆ. ತೊಡೆಯ ದಪ್ಪ ಭಾಗ 74 ದಾಟಲೇಬೇಕು, 80 ಆದರೆ ಇನ್ನೂ ಚೆನ್ನ.

ಮಟನ್ ಮಾಡೋದು ಹ್ಯಾಂಗ? ನಮ್ಮದು ಒಣಗಿ ಚಕ್ಕಳ ಆಗಿತ್ತು.

ಬಹಳ ಜನರ ಅನುಭವ ಇದು, ತಪ್ಪು ನಿಮ್ಮ ಕೈಯದಲ್ಲ. ವಿದೇಶದ ವಿಧಾನಗಳು ಕೊಬ್ಬು ತುಂಬಿದ ಹಂದಿ, ದನದ ಮಾಂಸಕ್ಕೆ ಬರೆದವು. ನಮ್ಮ ಬಿದರಿ ಮೇಕೆಯಾಗಲಿ ದಖನಿ ಕುರಿಯಾಗಲಿ ಒಣ ನೆಲದಲ್ಲಿ ಮೈಲುಗಟ್ಟಲೆ ನಡೆದು ಮೇಯುವ ಪ್ರಾಣಿಗಳು. ಮೈಯಲ್ಲಿ ಕೊಬ್ಬಿಲ್ಲ, ಎಳೆ ಗಟ್ಟಿ. ಅವಕ್ಕೆ ನಮ್ಮದೇ ದಾರಿ ಬೇಕು.

ಕಟುಕರ ಬಳಿ ದಸ್ತಿ ಕೇಳಿ, ಅಂದರೆ ಮುಂಗಾಲಿನ ಭುಜ. ರಾನ್, ಅಂದರೆ ಹಿಂಗಾಲಿನ ತೊಡೆ, ನೋಡಲು ಚೆಂದ, ಆದರೆ ಬೇಗ ಒಣಗುತ್ತದೆ. ದಸ್ತಿಯಲ್ಲಿ ಕೊಲಾಜೆನ್ ಹೆಚ್ಚು, ಕರಗಿದಾಗ ಅದೇ ರಸವಾಗುತ್ತದೆ. ಗರ್ದನ್, ಅಂದರೆ ಕುತ್ತಿಗೆ ಕೂಡ ಒಳ್ಳೆಯದು. ತುಂಡು ಮಾಡಿಸಬೇಡಿ, ಇಡಿಯಾಗಿ ತನ್ನಿ. ಉಪ್ಪು, ಮೊಸರು, ಶುಂಠಿ ಬೆಳ್ಳುಳ್ಳಿ, ಖಾರ ಹಚ್ಚಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಿ. 120 ಡಿಗ್ರಿಯಲ್ಲಿ ಮೊದಲ ಮೂರು ಗಂಟೆ ಏನೂ ಸುತ್ತದೆ ಹೊಗೆ ಕೊಡಿ. ಆಮೇಲೆ ಶೇಂಗಾ ಎಣ್ಣೆ ಇಲ್ಲವೇ ತುಪ್ಪ ಸವರಿ, ಬಾಳೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಫಾಯಿಲ್ ಬಿಗಿದು ಮತ್ತೆ ಒಳಗಿಡಿ. ಒಂದೂವರೆ ಕೆಜಿಯ ದಸ್ತಿಗೆ ಒಟ್ಟು ಐದಾರು ಗಂಟೆ ಬೇಕು. ಒಳಗೆ 90ರಿಂದ 95 ಡಿಗ್ರಿ ಆಗಿ, ಕಡ್ಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಬೇಕು. ತೆಗೆದ ಮೇಲೆ ಸುತ್ತಿದ ಹಾಗೆಯೇ ಅರ್ಧ ಗಂಟೆ ಬಿಟ್ಟು ಬಿಡಿಸಿ. ಎಲುಬು ತಾನಾಗಿ ಕಳಚಿ ಬರುತ್ತದೆ. ಬಿಸಿ ಜೋಳದ ರೊಟ್ಟಿ, ಹುಣಸೆ ಹುಳಿಗೆ ಬೆಲ್ಲ ಖಾರ ಹಾಕಿ ಕುದಿಸಿದ ಗೊಜ್ಜು, ಹಸಿ ಉಳ್ಳಾಗಡ್ಡಿ. ಇದಕ್ಕಿಂತ ಮೇಲಿನ ಊಟ ನನಗೆ ಗೊತ್ತಿಲ್ಲ.

65 ಡಿಗ್ರಿಗೆ ಬಂದು ನಿಂತುಬಿಟ್ಟದ, ಏರಲೇ ಒಲ್ಲದು. ಬೆಂಕಿ ಹೆಚ್ಚು ಮಾಡಲೇನು?

ಬೇಡ, ಥರ್ಮಾಮೀಟರ್ ಕೆಟ್ಟಿಲ್ಲ. ಖಂಡದ ಮೇಲ್ಮೈಯಿಂದ ನೀರು ಆವಿಯಾಗಿ ಹೋಗುತ್ತಾ ಅದನ್ನು ತಂಪು ಮಾಡುತ್ತಿದೆ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆ. 65ರಿಂದ 75ರ ನಡುವೆ ಗಂಟೆ, ಎರಡು ಗಂಟೆ ನಿಲ್ಲುವುದು ಸಹಜ. ಎಲೆಯಲ್ಲಿ, ಫಾಯಿಲ್‌ನಲ್ಲಿ ಸುತ್ತಿದರೆ ಆವಿ ನಿಂತು ಮತ್ತೆ ಏರತೊಡಗುತ್ತದೆ.

ಬ್ರಿಸ್ಕೆಟ್ ಮಾಡಬಹುದಾ?

ಬ್ರಿಸ್ಕೆಟ್ ದನದ ಎದೆಭಾಗ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಗೋಹತ್ಯೆ ನಿಷಿದ್ಧ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಅನುಮತಿಯೊಂದಿಗೆ ವಿನಾಯಿತಿ ಇದೆ. ನಾನು ಮೇಕೆಯ ಸೀನಾ, ಅಂದರೆ ಎದೆಭಾಗ ಬಳಸುತ್ತೇನೆ. ತೆಳು ಇರುವುದರಿಂದ ನಾಲ್ಕು ಗಂಟೆ ಸಾಕು.

ಮೀನು?

ಬಹಳ ಚೆನ್ನಾಗಿ ಆಗುತ್ತದೆ. ಕಾರಂಜಾ ಜಲಾಶಯದ್ದೋ ಭೀಮಾ ಹೊಳೆಯದ್ದೋ ಕಾಟ್ಲಾ, ರೋಹು ಸಿಕ್ಕರೆ ದಪ್ಪ ಹೋಳು ಮಾಡಿಸಿ, ಉಪ್ಪು ಬೆಲ್ಲದ ನೀರಲ್ಲಿ ಎರಡು ಗಂಟೆ ಫ್ರಿಜ್ಜಿನೊಳಗೆ ನೆನೆಸಿ, ಒರೆಸಿ, ಫ್ಯಾನಿನ ಕೆಳಗೆ ಅಲ್ಲ, ಫ್ರಿಜ್ಜಿನಲ್ಲೇ ಮೇಲ್ಮೈ ಒಣಗಿಸಿ. ಮಾವಿನ ಕಟ್ಟಿಗೆಯ ಹೊಗೆಯಲ್ಲಿ ಒಳಗೆ 63 ಡಿಗ್ರಿ ಆದರೆ ಮುಗಿಯಿತು.

ಬೆಂದದ, ಆದ್ರ ಒಳಗ ಗುಲಾಬಿ ಬಣ್ಣ ಅದ. ಹಸಿ ಏನ್ರಿ?

ಅಂಚಿನಲ್ಲಿ ಉಂಗುರದ ಹಾಗೆ ಗುಲಾಬಿ ಇದ್ದರೆ ಅದು ಹೊಗೆಯ ಗುರುತು. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಕೆಂಪು ವರ್ಣದ್ರವ್ಯದೊಂದಿಗೆ ಸೇರಿ ಆ ಬಣ್ಣ ನಿಲ್ಲುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಥರ್ಮಾಮೀಟರ್ ನೋಡಿ. ಅಂಗಡಿಯ ಹ್ಯಾಮ್‌ನಂಥ ಬಣ್ಣ ಬರಲಿ ಅಂತ ಪಟಾಕಿಯ ಪೆಟ್ಲುಪ್ಪು, ಗೊಬ್ಬರದ ಉಪ್ಪು ಹಾಕುವ ಸಾಹಸ ಮಾತ್ರ ಬೇಡ, ಅದು ವಿಷ.

ಅಪಾರ್ಟ್‌ಮೆಂಟಿನಾಗ, ಬಾಲ್ಕನಿಯಾಗ ಮಾಡಬಹುದೇನ್ರಿ?

ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಪ್ರಾಣ ತೆಗೆಯುತ್ತದೆ. ಮಳೆ ಬಂತೆಂದು ಉರಿಯುವ ಸ್ಮೋಕರನ್ನು ಕಾರ್ ಶೆಡ್‌ಗೆ ಎಳೆಯುವುದೂ ಅಷ್ಟೇ ಅಪಾಯ. ಹೊಲದ ಮನೆಯಲ್ಲಿ ಮಾಡುವವರು ಕಣಿಕೆ, ಹೊಟ್ಟಿನ ಬಣವೆಯಿಂದ ಬಹಳ ದೂರ, ಗಾಳಿಯ ಕೆಳದಿಕ್ಕಿಗೆ ಬಣವೆ ಬರದಂತೆ ಇಡಿ. ಡಿಸೆಂಬರಿನಿಂದ ಮೇವರೆಗೆ ಒಂದು ಕಿಡಿ ಸಾಕು, ವರ್ಷದ ಮೇವು ಹೋಗಲು. ಎರಡು ಬಕೆಟ್ ನೀರು ಪಕ್ಕದಲ್ಲಿರಲಿ.

ಬಾಜು ಮನಿಯವರು ಖಂಡ ತಿನ್ನಂಗಿಲ್ಲ. ಹ್ಯಾಂಗ ಮಾಡೋದು?

ಮೊದಲೇ ಹೋಗಿ ಕೇಳಿ. ನಮ್ಮ ಬಾಜು ಮನೆಯ ಅಜ್ಜಾರು ಶರಣಬಸವೇಶ್ವರರ ಭಕ್ತರು. ಶ್ರಾವಣದಲ್ಲಿ, ಸೋಮವಾರ, ಜಾತ್ರೆಯ ದಿನಗಳಲ್ಲಿ ನಾನು ಡ್ರಮ್ ಮುಟ್ಟುವುದಿಲ್ಲ. ಉಳಿದ ದಿನ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ ಹೊತ್ತಿಸುತ್ತೇನೆ. ಅವರಿಗಾಗಿಯೇ ಇಟ್ಟ ಬೇರೆ ಜಾಳಿಗೆಯಲ್ಲಿ, ಖಂಡ ಇಡುವ ಮೊದಲೇ, ಬದನೆಕಾಯಿ, ಮೆಕ್ಕೆತೆನೆ, ಪನೀರ್ ಇಟ್ಟು ಕೊಡುತ್ತೇನೆ. ಹೊಗೆಯಾಡಿದ ಬದನೆಕಾಯಿಯ ಭರ್ತ ಅವರ ಮನೆಯಲ್ಲಿ ಈಗ ಕೇಳಿ ಮಾಡಿಸಿಕೊಳ್ಳುವ ತಿನಿಸು.

ಆರೋಗ್ಯಕ್ಕ ಏನೂ ಆಗಂಗಿಲ್ಲ ಅಲ್ರಿ?

ದಿನಾ ತಿನ್ನುವ ಅಡುಗೆ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಉಪ್ಪು ಹಾಕಿ, ಹೊಗೆ ಹಾಕಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹಬ್ಬದಂತೆ ಮಾಡಿ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕದಂತೆ ತಟ್ಟೆ ಇಡಿ, ಕರಕಲಾದ ಭಾಗ ತೆಗೆದುಹಾಕಿ.

ಉಳಿದದ್ದು ಎಷ್ಟು ದಿನ ಇಡಬಹುದು?

ಎಲುಬಿನಿಂದ ಬಿಡಿಸಿ, ಅಗಲ ತಟ್ಟೆಯಲ್ಲಿ ಹರವಿ, ಬೇಗ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ಮತ್ತೆ ಬಿಸಿ ಮಾಡುವಾಗ 74 ಡಿಗ್ರಿ ಮುಟ್ಟಲಿ. ಉಳಿದ ದಸ್ತಿಯ ಎಳೆಗಳನ್ನು ಖಾರಬ್ಯಾಳಿಗೆ ಹಾಕಿ ಕುದಿಸಿ ನೋಡಿ.

ಬೂದಿ ಎಲ್ಲಿ ಹಾಕಬೇಕು?

ಒಂದು ಇಡೀ ದಿನ ಡ್ರಮ್ಮಿನಲ್ಲೇ ಮುಚ್ಚಿಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಮರುದಿನದವರೆಗೆ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಡಬ್ಬಿಗೂ ಕಸದ ಗಾಡಿಗೂ ಬೇಡ, ಕಬ್ಬಿಣದ ಬುಟ್ಟಿಯಲ್ಲಿ ನೀರು ಚಿಮುಕಿಸಿ ಆರಿಸಿ, ಆಮೇಲೆ ತಿಪ್ಪೆಗೆ ಹಾಕಿ.